ಗಣಿತಕ್ಕೂ ಕಾವ್ಯಕ್ಕೂ ಒಂದೇ ಸಾರಲೇಖದ ನಮೂನೆ ಏಕೆ? ಕುಲಪತಿಗಳಿಗೆ ಒಂದು ಬಹಿರಂಗ ಪತ್ರ

ರಾಜ್ಯದ ವಿಶ್ವವಿದ್ಯಾಲಯಗಳ ಮಾನ್ಯ ಕುಲಪತಿಗಳಿಗೆ, ಡೀನರಿಗೆ ಮತ್ತು ಸಂಶೋಧನಾ ಸಮಿತಿಗಳ ಸದಸ್ಯರಿಗೆ,

ಪಿಎಚ್.ಡಿ. ನೋಂದಣಿಗಾಗಿ ಅಭ್ಯರ್ಥಿಗಳು ಸಲ್ಲಿಸುವ ಸಾರಲೇಖದ (ಸಿನಾಪ್ಸಿಸ್) ನಮೂನೆಯನ್ನು ದಯವಿಟ್ಟು ಒಮ್ಮೆ ತರಿಸಿಕೊಂಡು ಓದಿ. ಎಲ್ಲ ವಿಶ್ವವಿದ್ಯಾಲಯಗಳಲ್ಲಿಯೂ ಅದು ಒಂದೇ ರೀತಿ ಇಲ್ಲ. ಆದರೆ ನಾನು ಕಂಡ ನಮೂನೆಗಳಲ್ಲಿ ಈ ಅಂಕಣಗಳು ಮತ್ತೆ ಮತ್ತೆ ಬರುತ್ತವೆ: ಸಂಶೋಧನಾ ಸಮಸ್ಯೆ, ಉದ್ದೇಶಗಳು, ಪ್ರಾಕ್ಕಲ್ಪನೆ (ಪರೀಕ್ಷೆಗೆ ಒಡ್ಡಲು ಮೊದಲೇ ಮಾಡಿಕೊಳ್ಳುವ ಊಹೆ), ಮಾದರಿ ಆಯ್ಕೆಯ ವಿಧಾನ, ಮಾದರಿಯ ಗಾತ್ರ, ದತ್ತಾಂಶ ಸಂಗ್ರಹದ ಸಾಧನಗಳು, ಬಳಸಲಿರುವ ಸಂಖ್ಯಾಶಾಸ್ತ್ರೀಯ ತಂತ್ರಗಳು. ಶಿಕ್ಷಣಶಾಸ್ತ್ರ, ವಾಣಿಜ್ಯ, ಸಮಾಜಕಾರ್ಯ ವಿಭಾಗದ ಅಭ್ಯರ್ಥಿಗೆ ಇವು ಸಹಜವಾದ ಪ್ರಶ್ನೆಗಳು. ಅದೇ ಕಾಗದವನ್ನು ಗಣಿತದವರೂ ತುಂಬಬೇಕಾಗಿದೆ, ತತ್ತ್ವಶಾಸ್ತ್ರದವರೂ ತುಂಬಬೇಕಾಗಿದೆ, ಹಳಗನ್ನಡ ಕಾವ್ಯವನ್ನು ಓದುವವರೂ ತುಂಬಬೇಕಾಗಿದೆ. ತುಂಬದಿದ್ದರೆ ಅರ್ಜಿ ಅಪೂರ್ಣ ಎಂಬ ಷರಾದೊಂದಿಗೆ ಹಿಂದಕ್ಕೆ ಬರುತ್ತದೆ.

ಬಹಳ ಕಾಲ ಕನ್ನಡ ಬೋಧಿಸಿ, ಸಂಶೋಧನಾರ್ಥಿಗಳಿಗೆ ಮಾರ್ಗದರ್ಶನ ಮಾಡಿ ನಿವೃತ್ತಳಾದವಳು ನಾನು. ನನ್ನ ಮಾತು ಇಷ್ಟೇ. ಹೊರಗಿನ ಲೋಕವನ್ನು ನೋಡಿ, ಎಣಿಸಿ, ಕೇಳಿ ತಿಳಿಯುವ ಅನುಭವಾಧಾರಿತ ಸಂಶೋಧನೆಯಂತೆಯೇ, ಪಠ್ಯವನ್ನೋ ಪರಿಕಲ್ಪನೆಯನ್ನೋ ಸಂಖ್ಯೆಯನ್ನೋ ಮುಂದಿಟ್ಟುಕೊಂಡು ತರ್ಕದಿಂದ ತಿಳಿಯುವ ಶುದ್ಧ ಸಂಶೋಧನೆಯೂ ಪೂರ್ಣವಾದ ಸಂಶೋಧನೆಯೇ. ಎರಡಕ್ಕೂ ಕಠಿಣವಾದ ಶಿಸ್ತು ಇದೆ. ಆ ಶಿಸ್ತುಗಳು ಬೇರೆ ಬೇರೆ. ಒಂದರ ನಮೂನೆಯನ್ನು ಇನ್ನೊಂದರ ಮೇಲೆ ಹೇರಿದಾಗ ಶುದ್ಧ ಸಂಶೋಧನೆ ಸುಳ್ಳು ಹೇಳಲು ಕಲಿಯುತ್ತದೆ. ಅನುಭವಾಧಾರಿತ ಸಂಶೋಧನೆಯೂ ಅದರಿಂದ ಹಾಳಾಗುತ್ತದೆ ಎಂಬುದನ್ನು ಯಾರೂ ಅಷ್ಟಾಗಿ ಗಮನಿಸಿಲ್ಲ.

ನಾನು ಸದಸ್ಯೆಯಾಗಿದ್ದ ಒಂದು ಸಮಿತಿಯ ಮುಂದೆ ನಡೆದದ್ದನ್ನು ಹೇಳುತ್ತೇನೆ. ಯಾವ ವಿಶ್ವವಿದ್ಯಾಲಯ ಎಂಬುದು ಇಲ್ಲಿ ಮುಖ್ಯವಲ್ಲ. ಕುಮಾರವ್ಯಾಸನ ಭಾಮಿನಿ ಷಟ್ಪದಿಯ ಮೇಲೆ ಒಬ್ಬ ವಿದ್ಯಾರ್ಥಿನಿ ಕೆಲಸ ಮಾಡುತ್ತಿದ್ದಳು. ಭಾಮಿನಿಯ ಆರು ಸಾಲುಗಳಲ್ಲಿ ಮಾತ್ರೆಗಳ ಲೆಕ್ಕ 14, 14, 23, 14, 14, 23, ಒಟ್ಟು 102. ಈ ಕಟ್ಟಿನೊಳಗೆ ಕವಿಯ ವಾಕ್ಯ ಎಲ್ಲಿ ಮುಗಿಯುತ್ತದೆ, ಸಾಲು ಮುಗಿದರೂ ವಾಕ್ಯ ಮುಗಿಯದೆ ಮುಂದಕ್ಕೆ ಹರಿಯುವುದು ಯಾವ ಸಂದರ್ಭಗಳಲ್ಲಿ, ಯುದ್ಧದ ವರ್ಣನೆಗೂ ಸಭೆಯ ಸಂಭಾಷಣೆಗೂ ಈ ವಿಷಯದಲ್ಲಿ ವ್ಯತ್ಯಾಸ ಇದೆಯೇ ಎಂಬುದು ಅವಳ ಪ್ರಶ್ನೆ. ಪರ್ವ ಪರ್ವವನ್ನೇ ಪದ್ಯ ಪದ್ಯವಾಗಿ ಬಿಡಿಸಿ ಗುರುತು ಹಾಕಿಕೊಂಡಿದ್ದಳು. ಅಂಥ ನಿಷ್ಠೆಯ ಓದು ಅಪರೂಪ. ಸಮಿತಿ ಕೇಳಿದ ಮೊದಲ ಪ್ರಶ್ನೆ: "ನಿಮ್ಮ ಮಾಹಿತಿದಾರರು ಎಷ್ಟು ಜನ?"

ಆಕ್ಷೇಪಿಸಿದವಳು ನಾನೊಬ್ಬಳೇ. ಮುಂದಿನ ಸಭೆಯ ಹೊತ್ತಿಗೆ ಆ ಹುಡುಗಿ ಪ್ರಶ್ನಾವಳಿಯೊಂದನ್ನು ತಯಾರಿಸಿಕೊಂಡು ಪದವಿ ಕಾಲೇಜುಗಳ ಅಧ್ಯಾಪಕರಿಗೆ ಹಂಚಿ ಬಂದಿದ್ದಳು. "ಕುಮಾರವ್ಯಾಸನ ಷಟ್ಪದಿಯ ಓಟ ಕಥೆಗೆ ಪೂರಕವಾಗಿದೆ" ಎಂಬ ಹೇಳಿಕೆಯ ಮುಂದೆ ಸಂಪೂರ್ಣ ಒಪ್ಪುತ್ತೇನೆ, ಒಪ್ಪುತ್ತೇನೆ, ಹೇಳಲಾರೆ, ಒಪ್ಪುವುದಿಲ್ಲ, ಸ್ವಲ್ಪವೂ ಒಪ್ಪುವುದಿಲ್ಲ ಎಂಬ ಐದು ಚೌಕಗಳು. ಬಹುತೇಕ ಎಲ್ಲರೂ ಮೊದಲೆರಡರಲ್ಲಿ ಗುರುತು ಹಾಕಿದ್ದರು. ಕುಮಾರವ್ಯಾಸನ ವಿಷಯದಲ್ಲಿ ಇನ್ನೇನು ಹಾಕುತ್ತಾರೆ? ಆ ಕೋಷ್ಟಕಗಳಿಗಾಗಿ ಪ್ರಬಂಧದಲ್ಲಿ ಒಂದು ಅಧ್ಯಾಯ ಮೀಸಲಾಯಿತು. ಜಾಗಕ್ಕಾಗಿ ಪದ್ಯಗಳ ವಿಶ್ಲೇಷಣೆಯನ್ನು ಮೊಟಕುಗೊಳಿಸಿದಳು. ಒಪ್ಪಿದವರ ಶೇಕಡಾವಾರು ಲೆಕ್ಕದಿಂದ ಕುಮಾರವ್ಯಾಸನ ಛಂದಸ್ಸಿನ ಬಗ್ಗೆ ನಮಗೆ ತಿಳಿದದ್ದು ಏನೂ ಇಲ್ಲ. ಅವಳ ಕೈಯಲ್ಲಿ ಆಗಲೇ ದತ್ತಾಂಶ ಇತ್ತು. ಒಂದೊಂದು ಪದ್ಯವೂ ಅವಳ ದತ್ತಾಂಶ. ಅದನ್ನು ದತ್ತಾಂಶವೆಂದು ಗುರುತಿಸಲು ನಮೂನೆಗೆ ಬರಲಿಲ್ಲ, ನಮೂನೆಯನ್ನು ಹಿಡಿದು ಕುಳಿತ ಹಿರಿಯರಿಗೂ ಬರಲಿಲ್ಲ.

ಗಣಿತ ವಿಭಾಗದ ಸಹೋದ್ಯೋಗಿಯೊಬ್ಬರ ವಿದ್ಯಾರ್ಥಿ 'ಮಾದರಿಯ ಗಾತ್ರ' ಎಂಬಲ್ಲಿ 'ಅನ್ವಯಿಸುವುದಿಲ್ಲ' ಎಂದು ಬರೆದದ್ದಕ್ಕೆ ಅರ್ಜಿ ಎರಡನೆಯ ಸಲ ಕಚೇರಿಯಿಂದ ಮರಳಿತ್ತು. ಸಂಸ್ಕೃತ, ತತ್ತ್ವಶಾಸ್ತ್ರ, ಇತಿಹಾಸ ವಿಭಾಗಗಳ ಮಾರ್ಗದರ್ಶಕರ ಬಾಯಲ್ಲೂ ಇಂಥ ಕಥೆಗಳನ್ನು ಕೇಳಿದ್ದೇನೆ.

ಈ ನಮೂನೆ ಯಾರದೋ ದುರುದ್ದೇಶದಿಂದ ಹುಟ್ಟಿದ್ದಲ್ಲ. ಅದನ್ನು ಒಪ್ಪಿಕೊಂಡೇ ಮಾತನಾಡಬೇಕು. ಮಾನವಿಕ ವಿಷಯಗಳಲ್ಲಿ ಒಂದು ಕಾಲಕ್ಕೆ ಕಾದಂಬರಿಗಳ ಕಥಾಸಾರವನ್ನು ಅಧ್ಯಾಯಕ್ಕೊಂದರಂತೆ ಬರೆದು, ಕೊನೆಗೆ ಲೇಖಕರನ್ನು ಹೊಗಳಿ, 'ಒಂದು ಅಧ್ಯಯನ' ಎಂದು ಹೆಸರಿಟ್ಟ ಪ್ರಬಂಧಗಳು ರಾಶಿ ರಾಶಿ ಬಂದವು. ಪ್ರಶ್ನೆ ಇಲ್ಲದ, ವಾದ ಇಲ್ಲದ, ತಪ್ಪಾಗುವ ಧೈರ್ಯವೇ ಇಲ್ಲದ ಬರಹಗಳು. ಅವನ್ನು ತಡೆಯಬೇಕೆಂದು ಯಾರಿಗಾದರೂ ಅನ್ನಿಸಿದ್ದರೆ ಅದು ನ್ಯಾಯವೇ. ಸ್ಪಷ್ಟ ಪ್ರಶ್ನೆ ಕೇಳಿ, ವಿಧಾನ ಹೇಳಿ ಎಂದು ಒತ್ತಾಯಿಸಿದ್ದು ಸರಿ. ತಪ್ಪಿದ್ದು ಎಲ್ಲಿ ಎಂದರೆ, ಶಿಸ್ತು ಬೇಕು ಎಂದಾಗ ಒಂದು ವರ್ಗದ ವಿಷಯಗಳ ಶಿಸ್ತನ್ನೇ ಎಲ್ಲರ ಶಿಸ್ತು ಎಂದು ತಿಳಿದದ್ದು. ಹಾಲನ್ನು ಮೊಳದಲ್ಲಿ ಅಳೆಯಲು ಹೊರಟರೆ ಮೊಳದ ತಪ್ಪೂ ಅಲ್ಲ, ಹಾಲಿನ ತಪ್ಪೂ ಅಲ್ಲ.

ವಿಜ್ಞಾನ ಎಂದರೆ ಅನುಭವಾಧಾರಿತ, ಸಾಹಿತ್ಯ ಎಂದರೆ ಕಲ್ಪನೆ ಎಂಬ ಗೆರೆಯೂ ನಮ್ಮ ಕಚೇರಿಗಳಲ್ಲಿ ಬೇರೂರಿದೆ. ಆ ಗೆರೆ ನಿಲ್ಲುವುದಿಲ್ಲ. ನಮ್ಮದೇ ನೆಲದ ಒಂದು ಶತಮಾನವನ್ನು ನೋಡಿದರೆ ಸಾಕು.

ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗ ಆಳಿದ್ದು ಕ್ರಿ.ಶ. 814ರಿಂದ 878ರವರೆಗೆ. ಅವನ ಕಾಲದಲ್ಲಿ ಹುಟ್ಟಿದ ಎರಡು ಗ್ರಂಥಗಳು ಇಂದಿಗೂ ನಮ್ಮೊಂದಿಗಿವೆ. ಒಂದು ಕವಿರಾಜಮಾರ್ಗ, ಕಾವ್ಯಲಕ್ಷಣವನ್ನು ಹೇಳುವ, ನಮಗೆ ದೊರೆತಿರುವ ಅತಿ ಹಳೆಯ ಕನ್ನಡ ಗ್ರಂಥ. ಇನ್ನೊಂದು ಮಹಾವೀರಾಚಾರ್ಯನ ಗಣಿತಸಾರಸಂಗ್ರಹ. ಅದರ ಆರಂಭದಲ್ಲಿಯೇ ಈ ದೊರೆಯ ಪ್ರಶಂಸೆ ಇದೆ. ಒಂದೇ ಆಶ್ರಯ, ಒಂದೇ ಶತಮಾನ, ಒಂದು ಕಾವ್ಯದ ಬಗ್ಗೆ, ಇನ್ನೊಂದು ಲೆಕ್ಕದ ಬಗ್ಗೆ. ಇವೆರಡರಲ್ಲಿ ಕಣ್ಣು ಬಿಟ್ಟು ಹೊರಗೆ ನೋಡಿದ ಗ್ರಂಥ ಯಾವುದು, ಕುಳಿತಲ್ಲೇ ತರ್ಕಿಸಿದ ಗ್ರಂಥ ಯಾವುದು?

ಹೊರಗೆ ನೋಡಿದ್ದು ಕಾವ್ಯದ ಗ್ರಂಥ. ಕವಿರಾಜಮಾರ್ಗಕಾರ ಕನ್ನಡ ನಾಡಿನ ಎಲ್ಲೆಯನ್ನು ಕಾವೇರಿ, ಗೋದಾವರಿಗಳ ನಡುವೆ ಗುರುತಿಸುತ್ತಾನೆ. ಅದರೊಳಗೆ ತಿರುಳ್ಗನ್ನಡದ ಸೀಮೆ ಯಾವುದೆಂದು ಕಿಸುವೊಳಲು, ಕೊಪಣ, ಪುಲಿಗೆರೆ, ಒಂಕುಂದ ಎಂಬ ಊರುಗಳನ್ನು ಹೆಸರಿಸಿ ಹೇಳುತ್ತಾನೆ. ತನಗಿಂತ ಹಿಂದಿನ ಗದ್ಯಕಾರರನ್ನೂ ಪದ್ಯಕಾರರನ್ನೂ ಪಟ್ಟಿ ಮಾಡುತ್ತಾನೆ. ಸರಿಯಾದ ಪ್ರಯೋಗ, ದೋಷಯುಕ್ತ ಪ್ರಯೋಗ ಎರಡನ್ನೂ ಉದಾಹರಣೆಯ ಮೂಲಕವೇ ತೋರಿಸುತ್ತಾನೆ. ಕನ್ನಡದ ದೇಸಿ ಪ್ರಭೇದಗಳು ಎಷ್ಟೊಂದು ಬಗೆ ಎಂದರೆ ಸಾವಿರ ನಾಲಗೆಯ ವಾಸುಕಿಗೂ ಅವುಗಳ ದೋಷವನ್ನೆಲ್ಲ ತಿಳಿಯಲಾಗದೆ ಬೇಸರವಾಗುತ್ತದೆ ಎನ್ನುತ್ತಾನೆ. ಜನ ಮಾತನಾಡುವುದನ್ನು ಕೇಳದ ಮನುಷ್ಯ ಈ ಮಾತನ್ನು ಆಡಲಾರ. ಸಾಮಗ್ರಿಯ ಅಗಾಧತೆಯ ಮುಂದೆ ನಿಂತ ಕ್ಷೇತ್ರಕಾರ್ಯಕರ್ತನ ದಣಿವು ಅದರಲ್ಲಿದೆ.

ಮಹಾವೀರಾಚಾರ್ಯನಿಗೆ ಅಂಥ ತಿರುಗಾಟ ಬೇಕಿರಲಿಲ್ಲ. ಋಣಸಂಖ್ಯೆ ತನ್ನ ಸ್ವಭಾವದಿಂದಲೇ ಯಾವುದರ ವರ್ಗವೂ ಅಲ್ಲ, ಆದ್ದರಿಂದ ಅದಕ್ಕೆ ವರ್ಗಮೂಲ ಇಲ್ಲ ಎಂದ. ಅವನು ಬಲ್ಲ ಸಂಖ್ಯೆಗಳ ಲೋಕದಲ್ಲಿ ಅದು ಸರಿಯಾದ ತೀರ್ಮಾನ. ಎಷ್ಟು ಋಣಸಂಖ್ಯೆಗಳನ್ನು ಪರೀಕ್ಷಿಸಿ ನೋಡಿದೆ ಎಂದು ಅವನನ್ನು ಕೇಳುವುದಕ್ಕೆ ಅರ್ಥವಿಲ್ಲ. ಅದೇ ಗ್ರಂಥದಲ್ಲಿ ಅವನು ಎಡವಿದ್ದೂ ಇದೆ. ಸಂಖ್ಯೆಯೊಂದನ್ನು ಸೊನ್ನೆಯಿಂದ ಭಾಗಿಸಿದರೆ ಅದು ಬದಲಾಗದೆ ಹಾಗೆಯೇ ಉಳಿಯುತ್ತದೆ ಎಂದುಬಿಟ್ಟ. 12ನೆಯ ಶತಮಾನದಲ್ಲಿ ಭಾಸ್ಕರಾಚಾರ್ಯ ಅದನ್ನು ಒಪ್ಪದೆ, ಫಲ ಅನಂತ ಎಂದ. ಅಂಥ ರಾಶಿಗೆ ಖಹರ ಎಂಬ ಹೆಸರು ಕೊಟ್ಟ. ಇಂದಿನ ಗಣಿತ ಆ ಭಾಗಾಕಾರಕ್ಕೆ ಅರ್ಥವನ್ನೇ ಕೊಡುವುದಿಲ್ಲ, ಏಕೆಂದರೆ ಯಾವ ಸಂಖ್ಯೆಯನ್ನು ಸೊನ್ನೆಯಿಂದ ಗುಣಿಸಿದರೂ ಮೂಲಸಂಖ್ಯೆ ಮರಳಿ ಬರುವುದಿಲ್ಲ. ಗಮನಿಸಬೇಕಾದದ್ದು ಇದು: ಆ ತಪ್ಪನ್ನು ತಿದ್ದಿದ್ದು ಯಾವ ಪ್ರಯೋಗವೂ ಅಲ್ಲ, ಸಮೀಕ್ಷೆಯೂ ಅಲ್ಲ. ತರ್ಕದ ತಪ್ಪನ್ನು ಇನ್ನೂ ಬಿಗಿಯಾದ ತರ್ಕ ತಿದ್ದಿತು. ಶುದ್ಧ ಸಂಶೋಧನೆಗೆ ತನ್ನದೇ ಪರೀಕ್ಷೆ ಇದೆ, ಅದು ನಿರ್ದಯವಾಗಿಯೂ ಇದೆ.

ಎಷ್ಟು ನಿರ್ದಯ ಎಂಬುದಕ್ಕೆ ಈಚಿನ ಒಂದು ನಿದರ್ಶನ. ಹಂಗೇರಿಯ ಗಣಿತಜ್ಞ ಜಾರ್ಜ್ ಪೋಲ್ಯ 1919ರಲ್ಲಿ ಒಂದು ಊಹೆಯನ್ನು ಮುಂದಿಟ್ಟರು. ಒಂದರಿಂದ ಯಾವುದೇ ಸಂಖ್ಯೆಯವರೆಗೆ ತೆಗೆದುಕೊಂಡರೂ, ಬೆಸ ಎಣಿಕೆಯ ಅವಿಭಾಜ್ಯ ಅಪವರ್ತನಗಳುಳ್ಳ ಸಂಖ್ಯೆಗಳು ಅರ್ಧಕ್ಕಿಂತ ಕಡಿಮೆ ಇರುವುದಿಲ್ಲ ಎಂಬುದು ಅದರ ತಿರುಳು. ಎಲ್ಲಿಯವರೆಗೆ ಪರೀಕ್ಷಿಸಿದರೂ ಅದು ನಿಜವಾಗಿಯೇ ಕಾಣುತ್ತಿತ್ತು. 1958ರಲ್ಲಿ ಹ್ಯಾಸಲ್‌ಗ್ರೋವ್ ಎಂಬ ಗಣಿತಜ್ಞ ಅದು ಸುಳ್ಳೆಂದು ಸಾಧಿಸಿದರು. ಆ ಊಹೆ ಮುರಿಯುವ ಅತಿ ಚಿಕ್ಕ ಸಂಖ್ಯೆ 90,61,50,257 ಎಂದು ಆಮೇಲೆ ಗೊತ್ತಾಯಿತು. 90 ಕೋಟಿಗೂ ಮೀರಿದ ಉದಾಹರಣೆಗಳು ಒಂದರ ಹಿಂದೊಂದು ಹೌದು ಎಂದವು, ಆಮೇಲೆ ಒಂದು ಅಲ್ಲ ಎಂದಿತು. ಯಾವ ಸಮೀಕ್ಷೆಗೆ 90 ಕೋಟಿಯ ಮಾದರಿ ಸಿಕ್ಕೀತು? ಇಂಥ ವಿಷಯದ ವಿದ್ಯಾರ್ಥಿಯ ಮುಂದೆ ಮಾದರಿಯ ಗಾತ್ರದ ಅಂಕಣವನ್ನು ಇಡುವುದು ಅವನ ವಿದ್ಯೆಯನ್ನು ಅವಮಾನಿಸಿದಂತೆ.

ಕನ್ನಡಕ್ಕೆ ಮರಳುತ್ತೇನೆ. ಕವಿರಾಜಮಾರ್ಗವನ್ನು ಕೆ.ಬಿ. ಪಾಠಕರು 1898ರಲ್ಲಿ ಸಂಪಾದಿಸಿ ಪ್ರಕಟಿಸಿದರು. ಅದನ್ನು ಬರೆದವನು ನೃಪತುಂಗನೇ ಅಥವಾ ಅವನ ಆಸ್ಥಾನದ ಶ್ರೀವಿಜಯನೇ ಎಂಬ ಚರ್ಚೆ ದಶಕಗಳ ಕಾಲ ನಡೆಯಿತು. ಗ್ರಂಥದೊಳಗೆ ಬರುವ 'ನೃಪತುಂಗದೇವಾನುಮತ' ಎಂಬ ಮಾತು ದೊರೆ ತಾನೇ ಬರೆದುಕೊಳ್ಳುವ ಮಾತೇ, ಅವನ ಸಮ್ಮತಿ ಪಡೆದ ಇನ್ನೊಬ್ಬನ ಮಾತೇ? ಶ್ರೀವಿಜಯನ ಹೆಸರು ಎಲ್ಲೆಲ್ಲಿ ಬರುತ್ತದೆ? ನಂತರದ ಕವಿಗಳು ಏನು ಹೇಳಿದ್ದಾರೆ? ವಿದ್ವಾಂಸರು ಈ ಸೂಕ್ಷ್ಮಗಳನ್ನು ಹಿಡಿದು ವಾದಿಸಿದರು. ಶ್ರೀವಿಜಯನೇ ಕರ್ತೃ ಎಂಬ ಅಭಿಪ್ರಾಯ ಇಂದು ಹೆಚ್ಚು ಮಾನ್ಯವಾಗಿದೆ. ಇದಕ್ಕೆ ಬೇಕಾದದ್ದು ಓದು, ವ್ಯಾಕರಣ, ಇತರ ಗ್ರಂಥಗಳ ಪರಿಚಯ, ವಾದದ ಪ್ರಾಮಾಣಿಕತೆ. ನೂರು ಜನ ಕನ್ನಡ ಅಧ್ಯಾಪಕರನ್ನು ಕೇಳಿ, ಹೆಚ್ಚು ಮತ ಪಡೆದವನನ್ನು ಕರ್ತೃವೆಂದು ಘೋಷಿಸಲಾಗುವುದಿಲ್ಲ.

ಹಾಗೆಂದು ಕನ್ನಡ ಸಂಶೋಧನೆ ಕೇವಲ ಗ್ರಂಥಾಲಯದ ಕೆಲಸವೆಂದು ನಾನು ಹೇಳುತ್ತಿಲ್ಲ. ನಮ್ಮ ಅತ್ಯುತ್ತಮ ಕೆಲಸಗಳಲ್ಲಿ ಎರಡೂ ಹಾದಿಗಳು ಕೂಡಿಕೊಂಡಿವೆ. ಎಂ. ಚಿದಾನಂದಮೂರ್ತಿಯವರ ಶಾಸನಗಳ ಸಾಂಸ್ಕೃತಿಕ ಅಧ್ಯಯನ 1966ರಲ್ಲಿ ಪ್ರಕಟವಾಯಿತು. ಕ್ರಿ.ಶ. 450ರಿಂದ 1150ರವರೆಗಿನ ಕನ್ನಡ ಶಾಸನಗಳೇ ಅದರ ಆಧಾರ. ರಾಜರ ವಂಶಾವಳಿಗಾಗಿ ಮಾತ್ರ ಜಾಲಾಡುತ್ತಿದ್ದ ಕಲ್ಲುಗಳನ್ನು ಅವರು ಜನಜೀವನಕ್ಕಾಗಿ ಓದಿದರು. ಸಾಮಗ್ರಿ ಅಪಾರ, ಎಣಿಕೆಯೂ ಇದೆ, ಹೋಲಿಕೆಯೂ ಇದೆ. ಆದರೆ ಕಲ್ಲಿನಲ್ಲಿ ಏನನ್ನು ಹುಡುಕಬೇಕು ಎಂಬ ಆಲೋಚನೆ ಕಲ್ಲಿನಿಂದ ತಾನಾಗಿ ಬರಲಿಲ್ಲ. ಅದು ಸಂಶೋಧಕರ ಚಿಂತನೆಯಿಂದ ಬಂತು.

ಹಲ್ಮಿಡಿ ಶಾಸನವನ್ನೇ ನೋಡಿ. 1936ರಲ್ಲಿ ಎಂ.ಎಚ್. ಕೃಷ್ಣ ಅವರು ಅದನ್ನು ಬೆಳಕಿಗೆ ತಂದರು. ಅದರಲ್ಲಿ ತೇದಿ ಇಲ್ಲ. ಸುಮಾರು ಕ್ರಿ.ಶ. 450 ಎಂಬ ಕಾಲನಿರ್ಣಯ ಲಿಪಿಯ ಆಕಾರ, ಭಾಷೆಯ ರೂಪ, ಹೆಸರಿಸಿದ ರಾಜರು ಇವನ್ನೆಲ್ಲ ಕೂಡಿಸಿ ಮಾಡಿದ ತರ್ಕ. ಕಣ್ಣಿಗೆ ಕಂಡದ್ದು ಕಲ್ಲು, ಕಾಲ ಹೇಳಿದ್ದು ತರ್ಕ. ಬಹುಕಾಲ ಅದೇ ಮೊದಲ ಕನ್ನಡ ಶಾಸನವೆಂದು ಪಾಠ ಹೇಳಿದೆವು. 2013ರಲ್ಲಿ ಶಿವಮೊಗ್ಗ ಜಿಲ್ಲೆಯ ತಾಳಗುಂದದಲ್ಲಿ ಉತ್ಖನನ ಆರಂಭವಾಗಿ ಸಿಂಹಕಟಾಂಜನ (ಸಿಂಹದ ಕೆತ್ತನೆಯುಳ್ಳ ಕಟಕಟೆ) ಶಾಸನ ದೊರೆತ ಮೇಲೆ, ಅದು ಕ್ರಿ.ಶ. 370ರ ಸುಮಾರಿನದು ಎಂಬ ವಾದ ಬಂದು ಚರ್ಚೆ ಮತ್ತೆ ತೆರೆದುಕೊಂಡಿತು. ನೆಲದಿಂದ ಎದ್ದು ಬಂದ ಒಂದು ಕಲ್ಲು ತರ್ಕವನ್ನು ಹೀಗೆ ಕದಡಬಲ್ಲದು. ಇನ್ನೂ ಆಳದ ಲಿಪಿತರ್ಕ ಆ ಕಲ್ಲಿನ ಕಾಲವನ್ನು ಪ್ರಶ್ನಿಸಲೂಬಲ್ಲದು. ನಮ್ಮ ಸಾರಲೇಖದ ಯಾವ ಅಂಕಣದಲ್ಲಿ ಈ ಕೆಲಸವನ್ನು ಬರೆಯಬೇಕು, ಹೇಳಿ.

ಈಗ ಇನ್ನೊಂದು ಕಡೆಗೆ ಬರುತ್ತೇನೆ. ಈ ಯಾಂತ್ರಿಕ ನಮೂನೆಯಿಂದ ನಿಜವಾದ ಅನುಭವಾಧಾರಿತ ಸಂಶೋಧನೆಗೇ ಹೆಚ್ಚು ಪೆಟ್ಟು ಬೀಳುತ್ತಿದೆ ಎಂಬುದು ನನ್ನ ದೃಢವಾದ ಅಭಿಪ್ರಾಯ. ಎಲ್ಲರೂ ಸಮೀಕ್ಷೆ ಮಾಡಲೇಬೇಕಾದಾಗ ಸಮೀಕ್ಷೆ ಒಂದು ಶಾಸ್ತ್ರವಾಗಿ ಉಳಿಯುವುದಿಲ್ಲ. ಹಳೆಯ ಪ್ರಬಂಧದ ಪ್ರಶ್ನಾವಳಿಯಲ್ಲಿ ಊರಿನ ಹೆಸರು ಬದಲಾಗುತ್ತದೆ. ಪ್ರಶ್ನಾವಳಿ ವಾಟ್ಸ್ಆ್ಯಪ್ ಗುಂಪುಗಳಲ್ಲಿ ಸುತ್ತುತ್ತದೆ. 'ಇವೆರಡರ ನಡುವೆ ಗಮನಾರ್ಹ ವ್ಯತ್ಯಾಸ ಇರುವುದಿಲ್ಲ' ಎಂಬ ಪ್ರಾಕ್ಕಲ್ಪನೆ ಪುಟದುದ್ದಕ್ಕೂ ಸಾಲುಗಟ್ಟಿ ನಿಲ್ಲುತ್ತದೆ. ಅಂಕಿಗಳನ್ನು ತಂತ್ರಾಂಶಕ್ಕೆ ಹಾಕಿಕೊಡಲು ಹಣ ಪಡೆಯುವವರು ಇದ್ದಾರೆ; ಏನು ಲೆಕ್ಕ ಮಾಡಿದರು, ಏಕೆ ಮಾಡಿದರು ಎಂಬುದು ಪ್ರಬಂಧಕ್ಕೆ ಸಹಿ ಹಾಕಿದವರಿಗೇ ಗೊತ್ತಿರುವುದಿಲ್ಲ. ಮೌಖಿಕ ಪರೀಕ್ಷೆಯಲ್ಲಿ ಒಂದು ಸರಳ ಪ್ರಶ್ನೆ ಕೇಳಿದರೆ ಇದು ಬಯಲಾಗುತ್ತದೆ.

ಸಮೀಕ್ಷೆ, ಪ್ರಯೋಗಗಳನ್ನೇ ಉಸಿರಾಡುವ ವಿಷಯಗಳು ಕೂಡ ತಮ್ಮನ್ನು ತಾವು ಕಠಿಣವಾಗಿ ಪರೀಕ್ಷಿಸಿಕೊಂಡಿವೆ. ಮನಃಶಾಸ್ತ್ರದ ಪ್ರಮುಖ ನಿಯತಕಾಲಿಕಗಳಲ್ಲಿ ಬಂದಿದ್ದ 100 ಅಧ್ಯಯನಗಳನ್ನು ಸಂಶೋಧಕರ ದೊಡ್ಡ ತಂಡವೊಂದು ಮತ್ತೆ ನಡೆಸಿ 2015ರಲ್ಲಿ ಫಲಿತಾಂಶ ಪ್ರಕಟಿಸಿತು. ಮೂಲ ಅಧ್ಯಯನಗಳಲ್ಲಿ ಶೇ. 97ರಷ್ಟು ಸಂಖ್ಯಾಶಾಸ್ತ್ರೀಯವಾಗಿ ಮಹತ್ವದ ಫಲಿತಾಂಶ ತೋರಿಸಿದ್ದವು. ಮರುಪ್ರಯೋಗದಲ್ಲಿ ಹಾಗೆ ಬಂದದ್ದು ಸುಮಾರು ಶೇ. 36 ಮಾತ್ರ. ಆ ವಿದ್ವಾಂಸರು ಇದನ್ನು ಮುಚ್ಚಿಡಲಿಲ್ಲ. ವಿಧಾನಗಳನ್ನು ತಿದ್ದಿಕೊಳ್ಳಲು ತೊಡಗಿದರು. ಪ್ರಾಕ್ಕಲ್ಪನೆ, ಮಾದರಿ, ಕೋಷ್ಟಕ ಇವೆಲ್ಲ ಕ್ರಮಬದ್ಧವಾಗಿ ಇದ್ದರೂ ಸತ್ಯ ಕೈತಪ್ಪಬಹುದು ಎಂಬುದು ಬಲ್ಲವರ ಅನುಭವ. ಅರಿಯದವರ ಕೈಯಲ್ಲಿ ಅದೇ ನಮೂನೆ ಏನಾಗುತ್ತದೆ ಎಂಬುದನ್ನು ತಾವೇ ಊಹಿಸಬಹುದು.

ನಿಜವಾದ ಕ್ಷೇತ್ರಕಾರ್ಯ ಹೇಗಿರುತ್ತದೆ ಎಂಬುದಕ್ಕೆ ನಾವು ದೂರ ಹೋಗಬೇಕಿಲ್ಲ. ಮೈಸೂರಿನವರಾದ ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್ 1948ರಲ್ಲಿ ಹಳೆಯ ಮೈಸೂರು ಸೀಮೆಯ ಹಳ್ಳಿಯೊಂದಕ್ಕೆ ಹೋಗಿ ತಿಂಗಳುಗಟ್ಟಲೆ ಅಲ್ಲಿಯೇ ನೆಲೆಸಿದರು. ಬರವಣಿಗೆಯಲ್ಲಿ ಅದನ್ನು ರಾಂಪುರ ಎಂದು ಕರೆದರು. ಜಗಲಿಯ ಮೇಲೆ ಕುಳಿತು ಜನರ ಮಾತು ಕೇಳಿದರು. ಜಗಳ, ನ್ಯಾಯ ತೀರ್ಮಾನ, ಸುಗ್ಗಿ, ಮದುವೆ, ಸಾವು ಎಲ್ಲವನ್ನೂ ನೋಡಿದರು. ಪ್ರಬಲ ಜಾತಿ ಎಂಬ ಪರಿಕಲ್ಪನೆ ಆ ಹಳ್ಳಿಯ ಅಧ್ಯಯನದಿಂದ ಗಟ್ಟಿಯಾಗಿ ನಿಂತಿತು. ಇಂದು ಪ್ರತಿ ಚುನಾವಣೆಯಲ್ಲೂ ಪತ್ರಿಕೆಗಳು ಬಳಸುವ ವೋಟ್ ಬ್ಯಾಂಕ್ ಎಂಬ ಮಾತು ಅವರು 1955ರಲ್ಲಿ ಪ್ರಕಟಿಸಿದ ಲೇಖನದಲ್ಲಿ ಬಂದದ್ದು. ಐದು ಚೌಕಗಳ ಪ್ರಶ್ನಾವಳಿಯಿಂದ ಇವು ಸಿಗುತ್ತಿರಲಿಲ್ಲ. ಹಳ್ಳಿಯ ಗೌಡ ಯಾವ ಚೌಕದಲ್ಲಿ ಗುರುತು ಹಾಕುತ್ತಿದ್ದ ಎಂಬುದಕ್ಕಿಂತ, ಯಾರು ಬಂದಾಗ ಎದ್ದು ನಿಲ್ಲುತ್ತಿದ್ದ ಎಂಬುದು ಹೆಚ್ಚು ಹೇಳುತ್ತದೆ.

1970ರ ಏಪ್ರಿಲ್‌ನಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ಅವರಿದ್ದ ಅಧ್ಯಯನ ಕೇಂದ್ರಕ್ಕೆ ಯಾರೋ ಬೆಂಕಿ ಇಟ್ಟರು. ವರ್ಷಗಳ ಕಾಲ ಸಂಸ್ಕರಿಸಿ ಸಿದ್ಧಪಡಿಸಿದ್ದ ಟಿಪ್ಪಣಿಗಳ ಮೂರೂ ಪ್ರತಿಗಳು ಸುಟ್ಟುಹೋದವು. ಆಮೇಲೆ ನೆನಪನ್ನೇ ಆಧರಿಸಿ ಬರೆದ ಅವರ ಹಳ್ಳಿಯ ಗ್ರಂಥ 1976ರಲ್ಲಿ ಪ್ರಕಟವಾಯಿತು. ನೆನಪು ಪ್ರಮಾಣವಾಗಬಲ್ಲದೇ, ಎಷ್ಟರ ಮಟ್ಟಿಗೆ? ದೀರ್ಘಕಾಲದ ಒಡನಾಟ ಟಿಪ್ಪಣಿಯ ಕೊರತೆಯನ್ನು ತುಂಬಬಲ್ಲದೇ? ಸಂಶೋಧನಾ ವಿಧಾನದ ತರಗತಿಯಲ್ಲಿ ವಿದ್ಯಾರ್ಥಿಗಳು ಬಡಿದಾಡಬೇಕಾದ ಪ್ರಶ್ನೆಗಳು ಇವು. ಅದರ ಬದಲು ಸಂಶೋಧನೆಯ ವ್ಯಾಖ್ಯೆಗಳನ್ನು ಬಾಯಿಪಾಠ ಮಾಡಿಸುತ್ತಿದ್ದೇವೆ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ರಾಘವೇಂದ್ರ ಗದಗಕರ್ ಅವರು ದಶಕಗಳ ಕಾಲ ನಮ್ಮ ಮನೆಗಳ ಸೂರಿನಡಿ ಗೂಡು ಕಟ್ಟುವಂಥ ಒಂದು ಜಾತಿಯ ಕಣಜವನ್ನು ಅಧ್ಯಯನ ಮಾಡಿದ್ದಾರೆ. ಒಂದೊಂದು ಕಣಜಕ್ಕೂ ಬಣ್ಣದ ಚುಕ್ಕೆ ಇಟ್ಟು, ಗೂಡಿನ ಮುಂದೆ ಕುಳಿತು, ಯಾವುದು ಏನು ಮಾಡುತ್ತದೆ ಎಂದು ಬರೆದುಕೊಳ್ಳುವ ಕೆಲಸ. ಆ ಗೂಡಿನ ರಾಣಿ ಸೌಮ್ಯ ಸ್ವಭಾವದವಳು, ಅವಳ ನಂತರ ಯಾರು ರಾಣಿಯಾಗುತ್ತಾರೆ ಎಂಬುದನ್ನು ಅವಳು ಇರುವಾಗ ಹೊರಗಿನವರು ಊಹಿಸಲಾಗುವುದಿಲ್ಲ ಎಂಬ ಸೋಜಿಗ ಬೆಳಕಿಗೆ ಬಂದದ್ದು ಆ ತಾಳ್ಮೆಯಿಂದ. ಅಲ್ಲಿ ಪ್ರಾಕ್ಕಲ್ಪನೆಗೆ ಪ್ರಾಣ ಇದೆ, ಏಕೆಂದರೆ ಕಣಜ ಅದನ್ನು ಸುಳ್ಳು ಮಾಡಬಲ್ಲದು.

ಯಾವ ಜ್ಞಾನಕ್ಕೆ ಯಾವುದು ಪ್ರಮಾಣ, ಅಂದರೆ ಆಧಾರ, ಎಂಬ ವಿಚಾರವನ್ನು ನಮ್ಮ ಹಿಂದಿನವರು ವಾದದ ಬಾಗಿಲಲ್ಲೇ ಇತ್ಯರ್ಥ ಮಾಡಿಕೊಳ್ಳುತ್ತಿದ್ದರು. ಚಾರ್ವಾಕರು ಪ್ರತ್ಯಕ್ಷವೊಂದನ್ನೇ (ಇಂದ್ರಿಯಗಳಿಗೆ ಗೋಚರಿಸಿದ್ದನ್ನು) ಒಪ್ಪಿದರು. ಬೌದ್ಧ ತಾರ್ಕಿಕರು ಪ್ರತ್ಯಕ್ಷ, ಅನುಮಾನ (ತರ್ಕದಿಂದ ತಿಳಿದದ್ದು) ಎಂಬ ಎರಡನ್ನು, ನೈಯಾಯಿಕರು ಉಪಮಾನ (ಹೋಲಿಕೆ) ಮತ್ತು ಶಬ್ದಗಳನ್ನು (ನಂಬತಕ್ಕವರ ಮಾತು) ಸೇರಿಸಿ ನಾಲ್ಕನ್ನು, ಅದ್ವೈತಿಗಳು ಆರನ್ನು ಒಪ್ಪಿದರು. ಎದುರಾಳಿ ಯಾವ ಪ್ರಮಾಣವನ್ನು ಒಪ್ಪುತ್ತಾನೆ ಎಂದು ತಿಳಿಯದೆ ಅವನೊಂದಿಗೆ ವಾದಕ್ಕೆ ಇಳಿಯುತ್ತಿರಲಿಲ್ಲ. 'ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು' ಎಂಬ ಗಾದೆ ಊರಿನ ಅಜ್ಜಿಗೂ ಗೊತ್ತು. ಇಷ್ಟು ವಿವೇಕದ ಪರಂಪರೆಯ ನಾಡಿನ ವಿಶ್ವವಿದ್ಯಾಲಯಗಳು ಪ್ರಮಾಣದ ಪ್ರಶ್ನೆಯನ್ನೇ ಕೇಳದೆ ಪ್ರಶ್ನಾವಳಿಯನ್ನು ಕೇಳುತ್ತಿವೆ. ನನಗೆ ಇದು ತುಂಬ ನೋವಿನ ಸಂಗತಿ.

ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) ನಿಯಮ ಹಾಗಿದೆ, ನಾವೇನು ಮಾಡಲಿ ಎಂಬ ಉತ್ತರ ಬರುತ್ತದೆ ಎಂದು ಬಲ್ಲೆ. ಹಾಗಿಲ್ಲ. 2016ರ ನಿಯಮಾವಳಿಯಲ್ಲಿ ಕೋರ್ಸ್ ವರ್ಕ್‌ನ ಸಂಶೋಧನಾ ವಿಧಾನ ಪತ್ರಿಕೆ ಪರಿಮಾಣಾತ್ಮಕ ವಿಧಾನ, ಕಂಪ್ಯೂಟರ್ ಬಳಕೆ, ಸಂಶೋಧನಾ ನೀತಿ ಮುಂತಾದವನ್ನು ಒಳಗೊಳ್ಳಬಹುದು ಎಂದಿತ್ತು. ಎಲ್ಲ ವಿಷಯಗಳಿಗೂ ಅದೇ ಪಾಠ ಕಡ್ಡಾಯ ಎಂದಿರಲಿಲ್ಲ. ಈಗ ಜಾರಿಯಲ್ಲಿರುವ 2022ರ ನಿಯಮಾವಳಿ ಕನಿಷ್ಠ 12 ಕ್ರೆಡಿಟ್‌ಗಳ ಕೋರ್ಸ್ ವರ್ಕ್ ಕೇಳುತ್ತದೆ, ಪ್ರತಿ ಸಂಶೋಧನಾರ್ಥಿಗೂ ಸಂಶೋಧನಾ ಸಲಹಾ ಸಮಿತಿ ಇರಬೇಕು ಎನ್ನುತ್ತದೆ, ಅಧ್ಯಯನದ ವಿನ್ಯಾಸ ಮತ್ತು ವಿಧಾನ ರೂಪಿಸಿಕೊಳ್ಳಲು ಆ ಸಮಿತಿ ನೆರವಾಗಬೇಕು ಎನ್ನುತ್ತದೆ. ಪ್ರತಿ ಪ್ರಬಂಧದಲ್ಲೂ ಪ್ರಾಕ್ಕಲ್ಪನೆ ಇರಬೇಕು, ಸಮೀಕ್ಷೆ ಇರಬೇಕು ಎಂಬ ಮಾತು ಅದರಲ್ಲಿ ಇಲ್ಲ. ಆ ಬಿಗಿ ನಮ್ಮ ಕಚೇರಿಗಳಲ್ಲಿ ಹುಟ್ಟಿದ್ದು. ಆದ್ದರಿಂದ ಬಿಚ್ಚುವ ಅಧಿಕಾರವೂ ತಮ್ಮಲ್ಲೇ ಇದೆ.

ಕೃತಿಚೌರ್ಯ ತಪಾಸಣೆಯ ವಿಷಯವೂ ಇದಕ್ಕೆ ಅಂಟಿಕೊಂಡಿದೆ. ಯುಜಿಸಿಯ 2018ರ ನಿಯಮಗಳ ಪ್ರಕಾರ ಶೇ. 10ರವರೆಗಿನ ಹೋಲಿಕೆಗೆ ದಂಡನೆ ಇಲ್ಲ. ಮೂಲವನ್ನು ಸರಿಯಾಗಿ ಹೆಸರಿಸಿದ ಉದ್ಧರಣೆಗಳನ್ನು, ಪ್ರಮಾಣಿತ ಸಮೀಕರಣಗಳನ್ನು, ಚಿಹ್ನೆಗಳನ್ನು ಈ ಲೆಕ್ಕದಿಂದ ಹೊರಗಿಡಬೇಕು ಎಂದೂ ಅವು ಹೇಳುತ್ತವೆ. ಪಂಪನ ಪದ್ಯವನ್ನು ಉದ್ಧರಿಸದೆ ಪಂಪನ ಮೇಲೆ ಬರೆಯುವುದು ಹೇಗೆ? ಶಾಸನಪಾಠವನ್ನು ಬೇರೆ ಮಾತುಗಳಲ್ಲಿ ತಿರುಚಿ ಬರೆದರೆ ಅದು ಶಾಸನವಾಗಿ ಉಳಿಯುವುದೇ? ಹೀಗಿದ್ದೂ ತಂತ್ರಾಂಶದ ವರದಿಯ ಮೊದಲ ಪುಟದ ಅಂಕಿಯನ್ನೇ ನೋಡಿ ಪ್ರಬಂಧವನ್ನು ತಿರಸ್ಕರಿಸುವ ಕಡೆಗಳಿವೆ. ಅಂಥ ಭಯದಿಂದ ವಚನಗಳನ್ನು ಕಿತ್ತುಹಾಕಿ ಅವುಗಳ ಸಾರಾಂಶ ಬರೆದ ಪ್ರಬಂಧವನ್ನು ನಾನು ಓದಿದ್ದೇನೆ.

ತಮ್ಮಲ್ಲಿ ನನ್ನ ವಿನಂತಿಗಳು ಹೆಚ್ಚಿಲ್ಲ. ಸಾರಲೇಖದಲ್ಲಿ ಪ್ರಾಕ್ಕಲ್ಪನೆ, ಮಾದರಿ, ಸಂಖ್ಯಾತಂತ್ರಗಳ ಅಂಕಣಗಳನ್ನು ಅವು ಬೇಕಾದ ವಿಭಾಗಗಳಿಗೆ ಉಳಿಸಿ. ಎಲ್ಲರಿಗೂ ಸಮಾನವಾಗಿ ಮೂರು ಪ್ರಶ್ನೆ ಕೇಳಿ: ನೀವು ತಿಳಿಯಬೇಕೆಂದಿರುವುದು ಏನು? ಯಾವ ಆಧಾರದಿಂದ ಅದನ್ನು ಸ್ಥಾಪಿಸುತ್ತೀರಿ? ಏನು ಕಂಡುಬಂದರೆ ನಿಮ್ಮ ಉತ್ತರ ತಪ್ಪೆಂದು ಒಪ್ಪುತ್ತೀರಿ? ಗಣಿತದವನು ಪ್ರತ್ಯುದಾಹರಣೆ ಎನ್ನುತ್ತಾನೆ, ಕಣಜ ನೋಡುವವನು ವರ್ತನೆ ಎನ್ನುತ್ತಾನೆ, ಗ್ರಂಥ ಸಂಪಾದಿಸುವವನು ಇನ್ನೊಂದು ಓಲೆಗರಿ ಪ್ರತಿಯ ಪಾಠ ಎನ್ನುತ್ತಾನೆ. ಕಥಾಸಾರ ಬರೆದು ಪದವಿ ಪಡೆಯಲು ಬಂದವನು ಮೂರನೆಯ ಪ್ರಶ್ನೆಗೆ ತಡವರಿಸುತ್ತಾನೆ. ಹಿಂದೆ ನಾವು ತಡೆಯಬೇಕೆಂದಿದ್ದುದೂ ಅವನನ್ನೇ.

ಸಂಶೋಧನಾ ವಿಧಾನದ ಪತ್ರಿಕೆಯನ್ನು ವಿಷಯವಾರು ಬೇರ್ಪಡಿಸಿ. ಕನ್ನಡದವರಿಗೆ ಗ್ರಂಥಸಂಪಾದನೆ, ಲಿಪಿಶಾಸ್ತ್ರ, ಛಂದಸ್ಸು, ಹಸ್ತಪ್ರತಿ ಓದುವಿಕೆ ಕಲಿಸಿ. ಹಳೆಯ ಲಿಪಿಯನ್ನು ಓದಬಲ್ಲವರು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿದ್ದಾರೆ, ಓಲೆಗರಿಗಳು ಕಪಾಟಿನಲ್ಲಿ ಕಾಯುತ್ತಿವೆ. ಸಮಾಜವಿಜ್ಞಾನದವರಿಗೆ ಮಾದರಿ ಆಯ್ಕೆಯನ್ನು ಈಗಿನದಕ್ಕಿಂತ ಆಳವಾಗಿ ಕಲಿಸಿ, ಲೆಕ್ಕವನ್ನು ಅವರ ಕೈಯಲ್ಲೇ ಮಾಡಿಸಿ, ಮಾಹಿತಿದಾರರ ಒಪ್ಪಿಗೆ ಪಡೆಯುವ ಕ್ರಮವನ್ನು ತಿಳಿಸಿ. ಉಪಭಾಷೆ, ಜನಪದ, ಬುಡಕಟ್ಟು ಸಮುದಾಯಗಳ ಮೇಲೆ ಕೆಲಸ ಮಾಡುವವರು ಅಲ್ಲಿ ಹೋಗಿ ಉಳಿಯಲು ಹಣವನ್ನೂ ರಜೆಯನ್ನೂ ಕೊಡಿ. ಎರಡು ದಿನ ಹೋಗಿ ಬಂದು ಬರೆದದ್ದನ್ನು ಕ್ಷೇತ್ರಕಾರ್ಯ ಎಂದು ಒಪ್ಪಿಕೊಳ್ಳಬೇಡಿ. ಅವರು ತಂದ ಧ್ವನಿಮುದ್ರಣಗಳನ್ನೂ ಟಿಪ್ಪಣಿಗಳನ್ನೂ ಗ್ರಂಥಾಲಯದಲ್ಲಿ ಕಾಪಿಡಿ. ಮುಂದೆ ಬರುವವರು ಪರೀಕ್ಷಿಸಿ ನೋಡಲಿ. ಸಲಹಾ ಸಮಿತಿಯಲ್ಲಿ ಆ ವಿಷಯದ ವಿಧಾನವನ್ನು ಬಲ್ಲ ಒಬ್ಬರಾದರೂ ಇರುವಂತೆ ನೋಡಿಕೊಳ್ಳಿ.

ಶುದ್ಧ ಸಂಶೋಧನೆಯಿಂದ ಸಮಾಜಕ್ಕೆ ಏನು ಪ್ರಯೋಜನ ಎಂಬ ಅಂಕಣವೂ ಕೆಲವು ನಮೂನೆಗಳಲ್ಲಿದೆ. ಅದಕ್ಕೆ ಉತ್ತರವಾಗಿ ವಿದ್ಯಾರ್ಥಿಗಳು ಬರೆಯುವ ಸುಳ್ಳುಗಳನ್ನು ಓದಿದಾಗಲೆಲ್ಲ ಬೇಸರವಾಗುತ್ತದೆ. ಮಹಾವೀರಾಚಾರ್ಯನ ಋಣಸಂಖ್ಯೆಗೆ, ಶ್ರೀವಿಜಯನ ಕರ್ತೃತ್ವಕ್ಕೆ ಅದು ಸತ್ಯ ಎಂಬುದರ ಹೊರತು ಬೇರೆ ಸಮರ್ಥನೆ ಬೇಕಿಲ್ಲ. ಆ ಅಂಕಣವನ್ನು ಐಚ್ಛಿಕ ಮಾಡಿದರೂ ಸಾಕು.

ಮುಂದಿನ ಪಿಎಚ್.ಡಿ. ಅಧಿಸೂಚನೆ ಹೊರಡುವ ಮೊದಲು ಈಗಿನ ನಮೂನೆಯ ಪ್ರತಿಯನ್ನು ಪ್ರತಿಯೊಂದು ವಿಷಯದ ಅಧ್ಯಯನ ಮಂಡಳಿಗೂ ಕಳುಹಿಸಿ, ತಮ್ಮ ವಿಷಯಕ್ಕೆ ಹೊಂದದ ಅಂಕಣಗಳನ್ನು ಹೊಡೆದುಹಾಕಿ ಬೇಕಾದುದನ್ನು ಸೇರಿಸಿ ಕಳುಹಿಸುವಂತೆ ಆದೇಶಿಸಿ. ಇದಕ್ಕೆ ಹೊಸ ಹುದ್ದೆ ಬೇಡ, ಅನುದಾನ ಬೇಡ, ಸರ್ಕಾರದ ಅನುಮತಿಯೂ ಬೇಡ. ಒಂದು ಸುತ್ತೋಲೆ ಸಾಕು. ಯಾವ ವಿಶ್ವವಿದ್ಯಾಲಯ ಇದನ್ನು ಮೊದಲು ಮಾಡುತ್ತದೆಯೋ ಅಲ್ಲಿಯ ಕನ್ನಡ ವಿಭಾಗಕ್ಕೆ ಬಂದು, ಹಸ್ತಪ್ರತಿ ಓದುವುದನ್ನು ಯಾವ ಸಂಭಾವನೆಯೂ ಇಲ್ಲದೆ ಕಲಿಸಿಕೊಡಲು ನಾನು ಸಿದ್ಧಳಿದ್ದೇನೆ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ಕನ್ನಡ ಪ್ರಾಧ್ಯಾಪಕಿ